ಅಪ್ಪನ ಮೀಸೆ ಉಳಿಸಿದ ಹಿಂದಿನ ಚಕ್ರ

ನಾನು ಚಿಕ್ಕವನಿದ್ದಾಗ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಜೀಪು, ಅದು ನಮ್ಮಪ್ಪನದು. ಹಸಿರು ಬಣ್ಣ, ಹರಿದ ಟಾರ್ಪಾಲು, ಒಳಗೆ ಪೆಟ್ರೋಲೂ ಹಸುವಿನ ಹಿಂಡಿಯೂ ಬೆರೆತ ವಾಸನೆ. ಗೇರು ಹಾಕುವ ಕೋಲಿನ ಪಕ್ಕ ಇನ್ನೊಂದು ಗಿಡ್ಡ ಕೋಲಿತ್ತು. ಅದರ ಮೇಲೆ ಅಪ್ಪನಿಗೆ ಎಲ್ಲಿಲ್ಲದ ಜಂಬ.

ಆ ಕೋಲಿನ ಗುಟ್ಟು ಹೇಳುತ್ತೇನೆ, ಕೇಳಿ ಮಕ್ಕಳೇ. ಎಂಜಿನ್ನಿನ ಬಲ ಮೊದಲು ಗೇರ್ ಬಾಕ್ಸಿಗೆ ಬರುತ್ತದೆ, ಅಲ್ಲಿಂದ ಅದರ ಬೆನ್ನಿಗಿರುವ ಇನ್ನೊಂದು ಪೆಟ್ಟಿಗೆಗೆ. ಆ ಪೆಟ್ಟಿಗೆಯಿಂದ ಶಾಫ್ಟು ಅನ್ನುವ ಎರಡು ಕಬ್ಬಿಣದ ದಂಡಗಳು ಹೊರಡುತ್ತವೆ, ಒಂದು ಹಿಂದಿನ ಚಕ್ರಗಳಿಗೆ, ಇನ್ನೊಂದು ಮುಂದಿನವಕ್ಕೆ. ಟಾರು ರಸ್ತೆಯಲ್ಲಿ ಹಿಂದಿನ ಎರಡು ಚಕ್ರ ತಳ್ಳಿದರೆ ಸಾಕು. ಕೆಸರಿನಲ್ಲಿ ಅವು ಜಾರಿದಾಗ ಗಿಡ್ಡ ಕೋಲು ಎಳೆದರೆ ಮುಂದಿನ ಶಾಫ್ಟೂ ತಿರುಗುತ್ತದೆ, ನಾಲ್ಕೂ ಚಕ್ರ ದುಡಿಯುತ್ತವೆ. ಅಣ್ಣನ ಮದುವೆಯ ಚಪ್ಪರದಡಿ ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದನೆಂದರೆ ನನಗೂ ಅಕ್ಕನಿಗೂ ಬಾಯಿಪಾಠವಾಗಿತ್ತು.

ಮದುವೆಯಾದ ಮೂರನೆಯ ದಿನ ನಮ್ಮ ಮನೆಯಲ್ಲಿ ಬೀಗರೂಟ. ಬೀಗರು, ಅಂದರೆ ಅತ್ತಿಗೆಯ ತಂದೆ, ಮಳವಳ್ಳಿಯವರು. ಅವರದೂ ಒಂದು ಜೀಪಿತ್ತು, ಅಂದು ರಿಪೇರಿಗೆ ಹೋಗಿತ್ತು. ಹಾಗಾಗಿ ಅಪ್ಪನೇ ಕರೆತರಲು ಹೊರಟ, ಜೊತೆಗೆ ನಾನು, ಅಕ್ಕ. ಬರುವಾಗ ಬೀಗರು ಮುಂದೆ ಕೂತರು. ಅವರ ಕಡೆಯ ಮೂವರು ದಪ್ಪ ಗಂಡಸರು ಹಿಂದೆ ನಮ್ಮಿಬ್ಬರನ್ನು ಮೂಲೆಗೆ ಒತ್ತಿ ಕೂತರು.

“ಕೆಸ್ರಲ್ಲಿ ಈ ಗಾಡಿ ನಿಂತ್ರೆ ಅರ್ಧ ಮೀಸೆ ಬೋಳಿಸ್ಕತೀನಿ ಬೀಗ್ರೇ,” ಅಂದ ಅಪ್ಪ.

“ಅಂಗಾರೆ ಗದ್ದೆ ದಾರೀಲೇ ಬುಡಿ, ನೋಡೇಬುಡವಾ,” ಅಂದರು ಬೀಗರು.

ಅಪ್ಪನ ಮುಖ ಯಾಕೋ ಸಪ್ಪಗಾಯಿತು. ಆದರೆ ಆಡಿದ ಮಾತು ನುಂಗುವ ಜನವೇ ನಮ್ಮವರು? ನಾಲೆಗೆ ನೀರು ಬಿಟ್ಟಿದ್ದರು, ದಾರಿಯೆಲ್ಲ ಕಲಸಿದ ಹಿಟ್ಟಿನಂತಾಗಿತ್ತು. ಮನೆ ಕಾಣಿಸಿತು, ಬಾಡಿನ ಸಾರಿನ ಘಮ ಮೂಗಿಗೆ ಬಡಿಯಿತು, ಅಷ್ಟರಲ್ಲಿ ಜೀಪು ಗೊರಗೊರ ಅಂದು ಹೂತುಕೊಂಡಿತು. ಅಪ್ಪ ಗಿಡ್ಡ ಕೋಲು ಎಳೆದ. ಹಿಂದಿನ ಚಕ್ರಗಳು ಗಿರಗಿರನೆ ತಿರುಗಿ ಕೆಸರು ಎರಚಿದವು, ಮುಂದಿನವು ತೆಪ್ಪಗಿದ್ದವು. ಎಲ್ಲರೂ ಇಳಿದು ಪಕ್ಕದ ಗದ್ದೆಯಿಂದ ಒಣಗಿದ ಕಬ್ಬಿನ ತರಗು ತಂದು ಮುಂದಿನ ಚಕ್ರದಡಿ ತುರುಕಿದರು. ಜೀಪು ಅಲುಗಲಿಲ್ಲ. ಬೀಗರು ಅಪ್ಪನ ಮೀಸೆಯನ್ನೇ ನೋಡತೊಡಗಿದರು. ಅಯ್ಯೋ, ನನಗೆ ಅಳುವೇ ಬಂತು. ಅರ್ಧ ಮೀಸೆಯ ಅಪ್ಪನ ಜೊತೆ ಸ್ಕೂಲಿಗೆ ಹೇಗೆ ಹೋಗುವುದು?

ಅಕ್ಕ ಲಂಗ ಎತ್ತಿಕಟ್ಟಿ, ಕೆಸರಲ್ಲೇ ಮಂಡಿಯೂರಿ ಜೀಪಿನ ಕೆಳಗೆ ಇಣುಕಿದಳು. ನಾನೂ ಇಣುಕಿದೆ. ಹಿಂದಕ್ಕೆ ಹೋಗುವ ಶಾಫ್ಟು ಇತ್ತು. ಮುಂದಕ್ಕೆ ಹೋಗಬೇಕಾದ ಕಡೆ ಬರೀ ಗಾಳಿ! “ಅಪ್ಪಾ, ಮುಂದಿನ ಶಾಫ್ಟೇ...” ಅನ್ನುವಷ್ಟರಲ್ಲಿ ಅಕ್ಕ ನನ್ನ ತೊಡೆ ಚಿವುಟಿದಳು. ನಗಬೇಡಿ, ಚೆನ್ನಾಗಿಯೇ ನೋವಾಗಿತ್ತು.

“ಏನವ್ವಾ ಕಂಡದ್ದು?” ಬೀಗರು ಕೇಳಿದರು.

“ಮುಂದಿಂದು ಕಚ್ಕಂಡಿಲ್ಲ ಮಾವ. ತರಗ ಹಿಂದಿನ ಚಕ್ರಕ್ಕಾಕಿ. ನೀವೆಲ್ಲ ಹಿಂದುಗಡೆ ಅತ್ತಿ ನಿಂತ್ಕಳಿ, ಭಾರ ಅಲ್ಲೇ ಬೇಕು,” ಅಂದಳು ಅಕ್ಕ.

ತಳ್ಳುವುದು ಹಿಂದಿನ ಚಕ್ರ ಮಾತ್ರ ಎಂದಮೇಲೆ ಹಿಡಿತವೂ ಅಲ್ಲೇ ಬೇಕಲ್ಲವೇ! ಬೀಗರೂ ಒಮ್ಮೆ ಬಗ್ಗಿ ಕೆಳಗೆ ನೋಡಿದರು, ಆಮೇಲೆ ತಾವೇ ತರಗು ಎಳೆದು ಹಿಂದಿನ ಚಕ್ರದಡಿ ತುರುಕಿದರು. ದಪ್ಪ ಗಂಡಸರು ಪಂಚೆ ಮೇಲೆತ್ತಿ ಹಿಂದಿನ ಬಂಪರ್ ಹತ್ತಿದರು. ಅಪ್ಪ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದ. ತರಗು ಕರಕರ ಅಂದಿತು, ಜೀಪು ಹಿಂದೆ ಮುಂದೆ ತೂಗಿ, ಗಟ್ಟಿ ನೆಲ ಹತ್ತಿಬಿಟ್ಟಿತು. ನಾನು ಕೆಸರಲ್ಲೇ ಕುಣಿದಾಡಿದೆ.

ಊಟಕ್ಕೆ ಕೂತಾಗ ಬೀಗರು ಎರಡನೆಯ ಮುದ್ದೆ ಮುರಿಯುತ್ತಾ, “ಬೀಗ್ರೇ, ಆ ಶಾಫ್ಟ ಎಲ್ಲಿ ಮಡಗಿದ್ದೀರಿ?” ಅಂದರು.

ಬಡಿಸುತ್ತಿದ್ದ ಅಪ್ಪನ ಸೌಟು ಅಲ್ಲೇ ನಿಂತಿತು. “ಕೊಟ್ಟಿಗೇಲಿ. ಪೆಟ್ರೋಲು ಉಳೀಲಿ ಅಂತ ಓದ್ವರ್ಸ ಬಿಚ್ಚಿಸ್ಬುಟ್ಟೆ,” ಅಂದ.

“ಮೀಸೆ ಇರ್ಲಿ ಬುಡಿ. ನಮ್ ಜೀಪಿಂದು ಅಟ್ಟದ ಮ್ಯಾಲದೆ!” ಅಂದರು ಬೀಗರು.

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಅಪ್ಪನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಸಾರಿನ ಪಾತ್ರೆಯಲ್ಲಿ ಹುಡುಕಿ ಹುಡುಕಿ ಮಜ್ಜೆ ತುಂಬಿದ ದೊಡ್ಡ ನಲ್ಲಿ ಮೂಳೆಯನ್ನು ಅಕ್ಕನ ಎಲೆಗೆ ಬಡಿಸಿದ. ಮರುವಾರವೇ ಮಂಡ್ಯದ ಮೆಕ್ಯಾನಿಕ್ಕಿನ ಹತ್ತಿರ ಶಾಫ್ಟು ಹಾಕಿಸಿದ. ಜೀಪು ಓಡಿಸುವುದನ್ನು ಮೊದಲು ಅಕ್ಕನಿಗೆ ಕಲಿಸಿದ, ನನಗಲ್ಲ. ಹೊಟ್ಟೆ ಉರಿದುಹೋಗಿತ್ತು ನನಗೆ!

ಈಗ ನಿಮ್ಮಪ್ಪನ ಪಿಕಪ್ಪು ಎಳನೀರು ತುಂಬಿಕೊಂಡು ಮದ್ದೂರು ಮಾರುಕಟ್ಟೆಗೆ ಹೋಗುತ್ತದೆ. ಅದರಲ್ಲಿ ಕೋಲು ಎಳೆಯುವ ಗೋಜಿಲ್ಲ. ಒಂದು ಗುಂಡಿಯನ್ನು ಟಕ್ಕೆಂದು ತಿರುಗಿಸಿದರೆ ಪುಟ್ಟ ದೀಪ ಹೊತ್ತಿಕೊಂಡು, ನಾಲ್ಕೂ ಚಕ್ರ ಸಿದ್ಧ ಎನ್ನುತ್ತದೆ. ನೀವು ಆ ದೀಪವನ್ನು ನಂಬಿ ಹಾಯಾಗಿ ಕೂರುತ್ತೀರಿ. ಆದರೆ ಗಾಡಿ ಮನೆಗೆ ಬಂದ ದಿನ ಏನಾಯಿತು, ನೆನಪಿದೆಯೇ? ನೀವೆಲ್ಲ ಪೂಜೆಗೆಂದು ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದಿರಿ. ನನ್ನ ಅಕ್ಕ, ನಿಮ್ಮ ದೊಡ್ಡಜ್ಜಿ, ಊರುಗೋಲನ್ನು ನನ್ನ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಬಗ್ಗಿ ಗಾಡಿಯ ಕೆಳಗೆ ಇಣುಕಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು:

“ಎರಡು ಶಾಫ್ಟೂ ಅವೆ ಕಣ್ಲಾ. ಗಾಡಿ ಅತ್ಕೋ ಈಗ.”