ಅಮಾವಾಸ್ಯೆಯ ತಾಲೀಮು

ಅಬ್ಬರದ ಮೆಟಲ್ ಸಂಗೀತ ಬಾರಿಸುವ ನಮ್ಮ ಬ್ಯಾಂಡು ಹುಟ್ಟಿದ್ದು ಚಿನಕುರಳಿಯ ಒಂದು ಕುಲುಮೆಯಲ್ಲಿ. ಡ್ರಮ್ಸ್ ಬಾರಿಸುವ ಗೆಳೆಯನ ಅಪ್ಪ ಕಮ್ಮಾರರು. ಕಲ್ಲುಕೋರೆಯ ಉಳಿ, ಊರವರ ಕುಡುಗೋಲು, ಮಚ್ಚು ಎಲ್ಲ ಅವರ ಕೈಯಲ್ಲೇ ಹದವಾಗಬೇಕು. ಅಮಾವಾಸ್ಯೆ ದಿನ ಮಾತ್ರ ಅವರು ಕುಲುಮೆಗೆ ಬೆಂಕಿ ಹಾಕುವುದಿಲ್ಲ. ಹಿಂದಿನಿಂದ ಬಂದ ಪದ್ಧತಿ, ಅವತ್ತು ಸುತ್ತಿಗೆಗೂ ರಜೆ. ಜಾಗ ಖಾಲಿ ಸಿಗುತ್ತಿತ್ತಲ್ಲ, ನಮ್ಮ ತಾಲೀಮು ಅವತ್ತೇ. ನಾನು ಡೇರಿಗೆ ಹಾಲು ಹಾಕಿ ಗಿಟಾರು ಹೊತ್ತುಕೊಂಡು ಹೋಗುತ್ತಿದ್ದೆ. ಹಾಡುವವನು ನಾಗಮಂಗಲದಿಂದ ಬಸ್ಸಿಗೆ ಬರುತ್ತಿದ್ದ.

ಮೊದಲ ಆಲ್ಬಂ ಮುಗಿದಾಗ ಬೆಂಗಳೂರಿನ ಒಂದು ಪ್ರಚಾರದ ಏಜೆನ್ಸಿ ಹಿಡಿದೆವು. ಇನ್ನೇನು ಅಭಿಮಾನಿಗಳು ಲಾರಿ ಲೋಡಿನಲ್ಲಿ ಬಂದು ಇಳಿಯುತ್ತಾರೆ ಅಂತ ನಮ್ಮ ಭ್ರಮೆ. ಅಲ್ಲಿನ ಹುಡುಗಿ ಮೊದಲೇ ಬಿಡಿಸಿ ಹೇಳಿದಳು: “ಪತ್ರಿಕೆಯವರಿಗೆ, ವೆಬ್‌ಸೈಟಿನವರಿಗೆ ನಿಮ್ಮ ವಿಷಯ ಮುಟ್ಟಿಸ್ತೀವಿ. ಬರೆದೇ ಬರೀತಾರೆ ಅಂತ ಮಾತು ಕೊಡೋಕಾಗಲ್ಲ. ಬೇರೆ ಬ್ಯಾಂಡಿಗಿಲ್ಲದ್ದು ನಿಮ್ಮಲ್ಲೇನಿದೆ, ಹೇಳಿ.”

ಡ್ರಮ್ಸಿನವನು ಬಾಯಿಬಿಟ್ಟ. “ನಾವು ಅಮಾಸೆ ದಿನ ಮಾತ್ರ ಬಾರ್ಸೋದು ಕಣಕ್ಕ.” ಆ ಹುಡುಗಿಯ ಕಣ್ಣು ಅರಳಿತು. ಯಾಕೆ ಅಂತ ಅವಳು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಸ್ವಲ್ಪ ದಿನಕ್ಕೇ ಎಲ್ಲರ ಮೊಬೈಲಿನಲ್ಲೂ ಅವಳು ಬರೆದು ಹಂಚಿದ ಸುದ್ದಿ: ಅಮಾವಾಸ್ಯೆಯ ಕಗ್ಗತ್ತಲಲ್ಲಿ, ಹಳ್ಳಿಯ ಕುಲುಮೆಯ ಬೆಂಕಿಯ ಮುಂದೆ ಗುಪ್ತ ಆರಾಧನೆ ನಡೆಸುವ ಬ್ಯಾಂಡ್! ನಾವು ಬಾರಿಸುತ್ತಿದ್ದದ್ದು ಮಟಮಟ ಮಧ್ಯಾಹ್ನ. ಬೆಂಕಿಯಂತೂ ಇರಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಏಜೆನ್ಸಿ ಹಿಡಿಯುವ ಮೆಟಲ್ ಬ್ಯಾಂಡಿನವರಿಗೆ ನಾನು ಹೇಳುವುದಿಷ್ಟೇ: ಹೊರಗೆ ಕಳಿಸುವ ಮುಂಚೆ ಬರೆದದ್ದನ್ನು ತೋರಿಸಿ ಅಂತ ಪಟ್ಟು ಹಿಡಿಯಿರಿ. ಕೇಳಿದ್ದರೆ ಅವಳು ತೋರಿಸುತ್ತಿದ್ದಳು. ಕೇಳಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಕುಲುಮೆಯಲ್ಲಿ ಮಾಟ ಮಾಡುತ್ತಾರಂತೆ ಅಂತ ಊರಲ್ಲಿ ಗುಸುಗುಸು ಶುರುವಾಯಿತು. ಕುಡುಗೋಲು ತಟ್ಟಿಸಲು ಬರುತ್ತಿದ್ದವರು ಪಾಂಡವಪುರದ ದಾರಿ ಹಿಡಿದರು. ಅಪ್ಪ ತಣ್ಣಗಾದ ಕುಲುಮೆಯ ಮುಂದೆ ಕೈಕಟ್ಟಿ ಕೂತಿರುವುದನ್ನು ನೋಡಲಾಗದೆ ಗೆಳೆಯ ಡ್ರಮ್ಸಿಗೆ ಗೋಣಿತಾಟು ಮುಚ್ಚಿಬಿಟ್ಟ. “ನನ್ನ ಬಾಯಿಂದ ನಮ್ಮಪ್ಪನ ಎಸ್ರು ಆಳಾಯ್ತು. ಇನ್ ಮುಟ್ಟಾಕಿಲ್ಲ ಕಣ್ಲಾ” ಅಂದ. ಏಜೆನ್ಸಿಯ ಹುಡುಗಿ ತಪ್ಪಾಯಿತೆಂದು ಪತ್ರಿಕೆಯವರಿಗೆ ತಿದ್ದಿ ಕಳಿಸಿದಳು. ತಿದ್ದಿದ್ದನ್ನು ಯಾರೂ ಹಾಕಲಿಲ್ಲ.

ಆಮೇಲೆ ಆ ಅಪ್ಪ ಮಾಡಿದ್ದನ್ನು ನಾನು ಮರೆಯುವ ಹಾಗೇ ಇಲ್ಲ. ಮಗನಿಗೆ ಒಂದು ಮಾತೂ ಹೇಳದೆ, ಹೆಂಡತಿಯನ್ನು ಕರೆದುಕೊಂಡು, ಅರಿಶಿನ ಕುಂಕುಮದ ತಟ್ಟೆ ಹಿಡಿದು, ಮದುವೆಗೆ ಕರೆಯುವ ಹಾಗೆ ಮನೆಮನೆಗೂ ಹೋದರು. ನಮ್ಮ ಮನೆಗೂ ಬಂದರು. ಆಕೆ ನಮ್ಮಮ್ಮನಿಗೆ ಕುಂಕುಮ ಕೊಟ್ಟರು. ಇವರು ನಮ್ಮಪ್ಪನಿಗೆ, “ಅಮಾಸೆ ಮಧ್ಯಾನ ನಮ್ಮುಡುಗ್ರು ಕುಲುಮೇಲಿ ಬಾರಿಸ್ತಾವೆ, ಮನೆಯೋರೆಲ್ಲ ಬಂದ್ಬುಡಿ ಗೌಡ್ರೆ” ಅಂದರು.

ಕರೆದ ಮೇಲೆ ಹೋಗದಿದ್ದರೆ ಚೆನ್ನಾಗಿರುತ್ತದೆಯೇ? ಜನ ಬಂದರು. ಕುಲುಮೆಯ ಬಾಗಿಲು ಅಗಲಕ್ಕೆ ತೆರೆದಿತ್ತು, ಬಿಸಿಲು ಒಳಗೆಲ್ಲ ಬಿದ್ದಿತ್ತು. ಮಾಟ ಎಲ್ಲಿದೆ ಅಂತ ಕಣ್ಣಾಡಿಸಿದವರು ನಮ್ಮ ಸ್ಪೀಕರು, ವೈರು ನೋಡಿ ಮಜ್ಜಿಗೆ ಕುಡಿಯುತ್ತ ಕೂತರು. ಒಬ್ಬ ಅಜ್ಜಿ ಕುಡುಗೋಲನ್ನೂ ತಂದಿದ್ದರು. “ಇಟ್ಟೋಗವ್ವ, ನಾಳೆ ತಟ್ಕೊಡ್ತೀನಿ” ಅಂತ ಗೆಳೆಯನ ಅಪ್ಪ ಅದನ್ನು ಎರಡೂ ಕೈಯಲ್ಲಿ ಇಸಕೊಂಡರು.

ಊರೇ ಬಂದು ಕೂತ ಮೇಲೆ ಗೆಳೆಯನೂ ಡ್ರಮ್ಸಿನ ಗೋಣಿತಾಟು ತೆಗೆದ. ನಾವು ಶುರುಮಾಡಲು ನಿಂತರೆ ಅವನು ಕೋಲು ಹಿಡಿದು ತಲೆ ತಗ್ಗಿಸಿ ಕೂತೇ ಇದ್ದಾನೆ. ಅಪ್ಪ ಎದ್ದು ಬಂದು ಅವನ ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟರು.

“ಬಾರ್ಸ್ಲಾ ಮಗ. ಇವ್ರುನ್ನೆಲ್ಲ ಕರ್ದಿರೋನು ನಾನು.”