ಮೈನಸ್ ಮೂರು

ಗಂಡ ತೀರಿಕೊಂಡ ಮೇಲೆ ನಾನು ಅತ್ತಿಲ್ಲ. ದೊಡ್ಡಸ್ತಿಕೆಗೆ ಹೇಳುವುದಲ್ಲ, ಇದ್ದದ್ದನ್ನು ಹೇಳುವುದು. ಬೆಳಿಗ್ಗೆ ಮೀನು ತರಲು ಮಲ್ಪೆಗೆ ಹೊರಟವರು ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದುಕೊಂಡೇ ಜಗಲಿಯಲ್ಲಿ ಕುಸಿದರು. ನಮ್ಮ ಪರ್ಕಳದಿಂದ ಮಣಿಪಾಲದ ಆಸ್ಪತ್ರೆ ಎಷ್ಟು ದೂರ? ಅಷ್ಟರಲ್ಲೇ ಎಲ್ಲ ಮುಗಿದಿತ್ತು. ಮಣ್ಣು ಮಾಡುವಾಗ ಕಾರ್ಕಳದ ನಾದಿನಿಯರಿಬ್ಬರೂ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ನಾನು ಬಿದ್ದುಬಿಡುತ್ತೇನೆ ಎಂದು. ನಾನು ಬೀಳಲಿಲ್ಲ. ಬಂದವರಿಗೆಲ್ಲ ಚಾ ಸಾಕಾಗುತ್ತದೋ ಇಲ್ಲವೋ ಎಂದು ಯೋಚಿಸುತ್ತಾ ನಿಂತಿದ್ದೆ.

ಆಮೇಲೂ ಹಾಗೆಯೇ. ಅನ್ನ ಮಾಡಿದೆ, ಉಂಡೆ, ಪಾತ್ರೆ ತೊಳೆದೆ. ನೆರೆಮನೆಯವರು ನನ್ನ ಮುಖ ನೋಡಿ ಏನೋ ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ. ನನಗೂ ಸಿಗುತ್ತಿರಲಿಲ್ಲ.

ಒಂದೇ ಒಂದು ಸಲ, ಅವರು ತೀರಿ ತಿಂಗಳಾದದ್ದಕ್ಕೆ ಚರ್ಚಿನಲ್ಲಿ ಇಟ್ಟ ತಿಂಗಳ ಪೂಜೆಯ ದಿನ, ಏನೋ ಆಯಿತು. ನಮ್ಮ ಇಗರ್ಜಿಯಲ್ಲಿ ಹಾಡುವವರು ಹಿಂದಿನ ಮಾಳಿಗೆಯಲ್ಲಿ ನಿಲ್ಲುತ್ತಾರೆ. ಮದುವೆಯಾದಂದಿನಿಂದ ನಾನು ಅಲ್ಲಿ ಹಾಡಿದವಳು, ಅವರು ಗಲ್ಫಿನಿಂದ ಬಂದ ಮೇಲೆ ಪಕ್ಕದಲ್ಲಿ ಕೀಬೋರ್ಡ್ ನುಡಿಸಿದವರು. ಆ ದಿನ ಬೇರೆಯವರು ಬಂದು ತಮ್ಮ ಕೀಬೋರ್ಡ್ ನುಡಿಸಿದರು. ನಮ್ಮವರಿಗೆ ಇಷ್ಟವಾಗಿದ್ದ ಮಾತೆಯ ಹಾಡನ್ನು ನಾನೇ ಹಾಡಬೇಕೆಂದು ಎಲ್ಲರೂ ಹೇಳಿದರು. ಹಾಡು ಮೇಲೆ ಹೋಗುವ ಸಾಲಿನಲ್ಲಿ ನನ್ನ ಸ್ವರ ಒಡೆಯಿತು. ಪೂರ್ತಿ ನಿಂತೇಹೋಯಿತು. ಕೆಳಗೆ ಹೆಂಗಸರು ಕರ್ಚೀಫು ತೆಗೆದರು. ದೊಡ್ಡ ನಾದಿನಿ ನನ್ನನ್ನು ಅಪ್ಪಿಕೊಂಡು, "ಈಗ ಹೊರಗೆ ಬಂತು ನೋಡು, ಬರಲಿ ಬರಲಿ" ಎಂದಳು.

ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಣ್ಣೀರಿಲ್ಲದಿದ್ದರೆ ಏನಾಯಿತು, ಸ್ವರವಾದರೂ ಒಡೆಯಿತಲ್ಲ! ನಾನು ಕಲ್ಲಲ್ಲ ಎನ್ನುವುದಕ್ಕೆ ನನ್ನ ಬಳಿ ಇದ್ದ ಸಾಕ್ಷಿ ಅದೊಂದೇ. ಮತ್ತೆ ಮಾಳಿಗೆ ಹತ್ತಲಿಲ್ಲ.

ಅವರ ಕೀಬೋರ್ಡ್ ಕಪ್ಪು ಚೀಲದೊಳಗೆ ಮಂಚದ ಮೇಲೆ, ಅವರು ಮಲಗುತ್ತಿದ್ದ ಬದಿಯಲ್ಲೇ ಬಿದ್ದಿತ್ತು. ಗಲ್ಫ್ ಬಿಟ್ಟು ಬರುವಾಗ ಬೇರೆಯವರು ಟಿವಿ ತಂದರೆ ಇವರು ಇದನ್ನು ತಂದಿದ್ದರು. ಯಾರಾದರೂ ಕೀಬೋರ್ಡ್ ಎಂದರೆ ಅವರಿಗೆ ಸಿಟ್ಟು. "ಕೀಬೋರ್ಡ್ ಅಲ್ಲ, ವರ್ಕ್‌ಸ್ಟೇಶನ್. ಒಂದು ಇಡೀ ಬ್ಯಾಂಡ್ ಇದರೊಳಗೆ ಉಂಟು" ಎನ್ನುತ್ತಿದ್ದರು. ಮೊದಲು ಡ್ರಮ್ ನುಡಿಸಿ ರೆಕಾರ್ಡ್ ಮಾಡುವುದು, ಅದರ ಮೇಲೆ ಬೇಸ್, ಅದರ ಮೇಲೆ ವಯಲಿನ್, ಹೀಗೆ ಹದಿನಾರು ಪದರ. ಎಡಗೈಗೆ ಒಂದು ವಾದ್ಯ, ಬಲಗೈಗೆ ಇನ್ನೊಂದು. ಹೊರಗಿನ ಶಬ್ದವನ್ನೂ ಹಿಡಿದು ಒಳಗೆ ಹಾಕಬಹುದು. ಒಮ್ಮೆ ನಮ್ಮ ಕುಕ್ಕರಿನ ಸೀಟಿಯನ್ನು ಹಿಡಿದು ಕೀಬೋರ್ಡಿನ ಕಪ್ಪು ಬಿಳುಪು ಮನೆಗಳೆಲ್ಲದರ ಮೇಲೆ ಹರಡಿ, ಮದುವೆಯ ಮೆರವಣಿಗೆಯ ಟ್ಯೂನನ್ನು ಸೀಟಿಯಲ್ಲೇ ನುಡಿಸಿದ್ದರು. ಅವರಿಗೆ ನಗು, ನನಗೆ ಒಲೆಯ ಮೇಲಿನ ಬೇಳೆಯ ಚಿಂತೆ. ಈ ಪುರಾಣವೆಲ್ಲ ನನ್ನ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು.

ನನಗೆ ಥೈರಾಯ್ಡ್ ಆಪರೇಶನ್ ಆದದ್ದು ಆ ಕೀಬೋರ್ಡ್ ಬಂದ ಮೇಲೆ. ಮೇಲಿನ ಸ್ವರ ಮೊದಲಿನ ಹಾಗೆ ಬಾರದೆ ಇರಬಹುದು ಎಂದು ಡಾಕ್ಟರ್ ಹೇಳಿದ್ದರು. ಬರಲೂ ಇಲ್ಲ. ಹಾಡುವುದನ್ನೇ ಬಿಟ್ಟೆ. ಒಂದು ಸಂಜೆ ಇವರು ಕೀಬೋರ್ಡ್ ಮುಂದೆ ಕೂರಿಸಿ, "ಅದೇ ಮಾತೆಯ ಹಾಡು, ಒಮ್ಮೆ ನೋಡುವಾ" ಎಂದರು. ಹಾಡಿದೆ. ಮೇಲಿನ ಸಾಲು ಸಲೀಸಾಗಿ ಬಂತು. "ನೋಡಿದಿಯಾ ಮಾರಾಯ್ತಿ, ಸ್ವರ ಇದ್ದಲ್ಲೇ ಉಂಟು. ಡಾಕ್ಟರಿಗೆ ಸಂಗೀತ ಎಂತ ಗೊತ್ತು?" ಎಂದರು. ಮುಂದಿನ ಆದಿತ್ಯವಾರವೇ ಮತ್ತೆ ಮಾಳಿಗೆ ಹತ್ತಿ ಹಾಡಿದೆ. ಇದನ್ನು ಉಡುಪಿಯ ತರಕಾರಿ ಅಂಗಡಿಯವರಿಗೂ ಹೇಳಿಕೊಂಡು ಬಂದೆ.

ಮೊನ್ನೆ ಕಾಪುವಿನಿಂದ ಒಬ್ಬರು ಬಂದರು. ತುಳು ನಾಟಕಗಳಿಗೆ ಹಿನ್ನೆಲೆ ಸಂಗೀತ ನುಡಿಸುವವರು. ಕೀಬೋರ್ಡ್ ಕೊಡುತ್ತೇನೆಂದು ನಾನೇ ಹೇಳಿ ಕಳುಹಿಸಿದ್ದೆ. ಕೊಡುವಾಗ ಬೇಸರವಾಗಬೇಕಿತ್ತು, ಅದೂ ಆಗಲಿಲ್ಲ. ಅವರು ಮಂಚದ ಮೇಲೆಯೇ ಚೀಲ ಬಿಚ್ಚಿ, ಧೂಳು ಒರೆಸಿ, ಒಂದೊಂದೇ ಮನೆ ಒತ್ತಿ ನೋಡಿದರು. ಕುಕ್ಕರಿನ ಸೀಟಿ ಸಿಕ್ಕಿ, "ನಾಟಕಕ್ಕೆ ಒಳ್ಳೆಯದಾಯಿತು" ಎಂದು ನಕ್ಕರು. ಆಮೇಲೆ ತಲೆ ಓರೆ ಮಾಡಿ ಒಂದೇ ಮನೆಯನ್ನು ಮತ್ತೆ ಮತ್ತೆ ಒತ್ತಿದರು.

"ಅಕ್ಕ, ಇದರ ಶ್ರುತಿ ಇಳಿಸಿ ಇಟ್ಟಿದ್ದಾರೆ."

"ಹಾಳಾಗಿದೆಯಾ?"

"ಇಲ್ಲ ಇಲ್ಲ. ಟ್ರಾನ್ಸ್‌ಪೋಸ್, ಮೈನಸ್ ಮೂರು." ಪರದೆ ತೋರಿಸಿದರು. "ನುಡಿಸುವ ಬೆರಳು ಎಲ್ಲರ ಹಾಗೆಯೇ ಓಡ್ತದೆ, ಹಾಡು ಮಾತ್ರ ಮೂರು ಮನೆ ತಗ್ಗಿ ಬರ್ತದೆ. ಇವರು ಅದನ್ನು ಸೇವ್ ಬೇರೆ ಮಾಡಿದ್ದಾರೆ, ಯಾವಾಗ ಆನ್ ಮಾಡಿದರೂ ಹೀಗೆಯೇ ಬರುವ ಹಾಗೆ. ನಿಮ್ಮಲ್ಲಿ ಮೇಲಿನ ಸ್ವರ ಹತ್ತದವರು ಯಾರಾದರೂ ಹಾಡ್ತಿದ್ದರಾ?"

ಮಾಳಿಗೆಯ ಹುಡುಗಿಯರು "ಅಂಕಲ್, ತುಂಬ ತಗ್ಗಾಯಿತು" ಎಂದು ಗೊಣಗುವುದು, ಇವರು ಕಣ್ಣಲ್ಲೇ ಸುಮ್ಮನಿರಿಸುವುದು ನೆನಪಾಯಿತು. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಇಡೀ ಮಾಳಿಗೆಗೆ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

"ಅದನ್ನು ಸೊನ್ನೆ ಮಾಡಿ ಒಂದು ಹಾಡು ನುಡಿಸ್ತೀರಾ?" ಎಂದೆ. ಧಾಟಿ ಗುನುಗಿ ತೋರಿಸಿದೆ, ಅವರು ಕೂಡಲೇ ಹಿಡಿದರು. ಹಾಡಿದೆ. ತಿಂಗಳ ಪೂಜೆಯ ದಿನ ಒಡೆದ ಜಾಗದಲ್ಲೇ ಸ್ವರ ಒಡೆಯಿತು. ಮತ್ತೆ ಮೈನಸ್ ಮೂರಕ್ಕೆ ಇಳಿಸಿದರು. ಮೇಲಿನ ಸಾಲು ಸಲೀಸಾಗಿ ಬಂತು.

ಹಾಗಾದರೆ ಆ ದಿನ ಒಡೆದದ್ದು ದುಃಖಕ್ಕಲ್ಲ. ಬೇರೆ ಕೀಬೋರ್ಡ್ ಇತ್ತು, ಅಷ್ಟೇ. ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿಯೂ ಹೋಯಿತು.

ಮರಗಟ್ಟಿದ ಕಾಲಿಗೆ ರಕ್ತ ಹರಿಯುವಾಗ ಚುಚ್ಚುತ್ತದಲ್ಲ, ಹಾಗೆ ಎದೆಯೊಳಗೆ ಏನೋ ಶುರುವಾಯಿತು. ಅಳು ಎಂದುಕೊಂಡೆ. ಅಳು ಅಲ್ಲ, ಸಿಟ್ಟು. ಇಷ್ಟು ವರ್ಷ ನನ್ನನ್ನು ಹೀಗೆ ನಂಬಿಸಿ, ಊರಿಡೀ ಜಂಬ ಕೊಚ್ಚಿಕೊಳ್ಳಲು ಬಿಟ್ಟು, ಒಂದು ಮಾತೂ ಹೇಳದೆ ಹೋದರಲ್ಲ! "ಫಟ್ಕಿರೊ!" ಎಂದೆ, ನಮ್ಮ ಕೊಂಕಣಿಯಲ್ಲಿ, ಜೋರಾಗಿ. ಸುಳ್ಳುಗಾರ!

ಕಾಪುವಿನವರು ಗಾಬರಿಯಾದರು. "ನಾನು ಎಂತ ಸುಳ್ಳು ಹೇಳಿದೆ ಅಕ್ಕ?"

"ನಿಮಗಲ್ಲ" ಎಂದೆ.

ಅವರು ಕೀಬೋರ್ಡಿನ ಕಡೆ ತಿರುಗಿ, "ಸೊನ್ನೆ ಮಾಡಿ ಸೇವ್ ಮಾಡ್ಲಾ? ನಮಗೆ ನಾಟಕಕ್ಕೆ ಸರಿಯಾದ ಶ್ರುತಿ ಬೇಕಲ್ವಾ?" ಎಂದು ಪರದೆಯ ಮೇಲೆ ಬೆರಳಿಡಲು ಹೋದರು.

"ಮುಟ್ಟಬೇಡಿ" ಎಂದೆ. "ಇದನ್ನು ಕೊಡುವುದಿಲ್ಲ. ನಮ್ಮಿಬ್ಬರದು ಒಂದು ಜಗಳ ಬಾಕಿ ಉಂಟು."