ಅರ್ಪಣೆಯ ಪುಟ

ಬೆಳಿಗ್ಗೆ ಹತ್ತಕ್ಕೆ ಒಡೆಸ್ಸಾ ಟಿಲರಿ ಅಡುಗೆಮನೆಯ ಮೇಜು ಒರೆಸಿದರು. ಕರಡಚ್ಚಿನ ಎರಡು ಪ್ರತಿಗಳನ್ನು ಎದುರುಬದುರಾಗಿ ಇಟ್ಟು, ಎರಡು ಪೆನ್ಸಿಲ್ ಚೂಪು ಮಾಡಿದರು.

ಬಾಲ್ಟಿಮೋರಿನ ಈ ಸಾಲುಮನೆಯಲ್ಲಿ ಅವರ ಪುಟ್ಟ ಪ್ರಕಾಶನ ಥಿಂಬಲ್ ಪ್ರೆಸ್ ಮೂವತ್ತನಾಲ್ಕು ವರ್ಷಗಳಿಂದ ನಡೆಯುತ್ತಿದೆ. ಹೆಣ್ಣನ್ನು ಪ್ರೀತಿಸಿ ಬಾಳಿದ ಕಪ್ಪು ಹೆಂಗಸರ ಬರಹವನ್ನು ಬೇರೆ ಪ್ರಕಾಶಕರು ಮುಟ್ಟದಿದ್ದಾಗ ಒಡೆಸ್ಸಾ ಅಚ್ಚು ಹಾಕಿಸಿದರು. ಹೊಟ್ಟೆಪಾಡಿಗೆ ಸುತ್ತಲ ಚರ್ಚುಗಳಿಗೆ ಅಂತ್ಯಸಂಸ್ಕಾರದ ಪುಸ್ತಿಕೆಗಳನ್ನು ಮಾಡಿಕೊಡುತ್ತಾರೆ: ತೀರಿಕೊಂಡವರ ಫೋಟೋ, ಬದುಕಿನ ಬಗ್ಗೆ ನಾಲ್ಕು ಮಾತು, ಹಿಂದೆ ಉಳಿದ ಬಂಧುಗಳ ಪಟ್ಟಿ. ತೀರಿಕೊಂಡವಳ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದವಳನ್ನು, ಮನೆಯವರು ಹೇಳಿದರೆಂದು, ಆ ಪಟ್ಟಿಯ ಕೊನೆಗೆ ‘ಆತ್ಮೀಯ ಗೆಳತಿ’ ಎಂದು ಎಷ್ಟೋ ಸಲ ಸೇರಿಸಿದ್ದು ಒಡೆಸ್ಸಾ ಅವರದೇ ಕೈ. ಅದನ್ನು ಅವರು ಮರೆತಿಲ್ಲ.

ಮೇಜಿನ ಮೇಲಿದ್ದದ್ದು ಮಾರ್ಚಿನಲ್ಲಿ ತೀರಿಕೊಂಡ ರೆನೆಟಾ ಗ್ಯಾಸ್ಕಿನ್ಸ್ ಅವರ ಕವಿತೆಗಳು. ಅರ್ಪಣೆಯನ್ನು ರೆನೆಟಾ ತಾವೇ ಬರೆದಿದ್ದರು: ‘ನನ್ನ ಹೆಂಡತಿ ಮಾರ್ವೆಲ್‌ಗೆ.’ ಆದರೆ ಅವರಿಬ್ಬರ ಮದುವೆ ನೋಂದಣಿಯಾಗಿರಲಿಲ್ಲ. ರೆನೆಟಾ ಉಯಿಲನ್ನೂ ಬರೆದಿರಲಿಲ್ಲ. ಥಿಂಬಲ್‌ನಲ್ಲಿ ಕರಾರು ಎಂದರೆ ಕೈಕುಲುಕುವುದು, ಅಷ್ಟೇ. ಹಾಗಾಗಿ ಕವಿತೆಗಳ ಹಕ್ಕು ರೆನೆಟಾ ಅವರ ಅಕ್ಕ ಅರ್ಲೀನ್‌ಗೆ ಹೋಯಿತು. ಅವರು ಸಹಿ ಹಾಕದಿದ್ದರೆ ಪುಸ್ತಕವಿಲ್ಲ.

ಚರ್ಚಿನ ರೂಢಿಯಂತೆ ಎಲ್ಲರೂ ‘ಸಿಸ್ಟರ್’ ಎನ್ನುತ್ತಿದ್ದ ಅರ್ಲೀನ್, ಬಂದವರು ಕೋಟು ಬಿಚ್ಚದೆ ಕೂತರು.

“ಮಿಸ್ ಒಡೆಸ್ಸಾ, ನಾನು ಜಗಳಕ್ಕೆ ಬಂದಿಲ್ಲ. ಆ ಹೆಂಡತಿ ಅನ್ನೋದನ್ನ ತೆಗೆದು ಗೆಳತಿ ಅಂತ ಹಾಕಿ. ಈಗಲೇ ಸಹಿ ಹಾಕ್ತೀನಿ.”

“ಏನಾದ್ರೂ ತೆಗೀಬೇಕು ಅನ್ನೋರು ಮೊದಲನೇ ಪುಟದಿಂದ ಗಟ್ಟಿಯಾಗಿ ಓದ್ಬೇಕು, ಸಿಸ್ಟರ್ ಅರ್ಲೀನ್. ಕಾಮಾ, ಫುಲ್‌ಸ್ಟಾಪ್ ಎಲ್ಲಾ ಬಾಯಲ್ಲೇ ಹೇಳ್ಬೇಕು. ನಾನು ಇಲ್ಲಿ ಪೆನ್ಸಿಲ್ ಹಿಡಿದು ನೋಡ್ತಾ ಬರ್ತೀನಿ. ಈ ಮನೇಲಿ ಯಾರಿಗಾದ್ರೂ ಅದೇ.”

“ಇದಕ್ಕಿಂತ ನಮ್ಮ ಪಾದ್ರಿಗಳ ಉದ್ದುದ್ದ ಪ್ರವಚನಾನೇ ವಾಸಿ ಅನ್ಸುತ್ತೆ!”

“ಇಲ್ಲಿ ಕಾಫಿ ಆದ್ರೂ ಸಿಗುತ್ತೆ. ಕೋಟು ಬಿಚ್ಚಿ.”

ಅರ್ಲೀನ್ ಓದತೊಡಗಿದರು. ಮೂವತ್ತು ವರ್ಷ ಚರ್ಚಿನಲ್ಲಿ ಪ್ರಕಟಣೆಗಳನ್ನು ಓದಿದ ದನಿ, ಎಲ್ಲೂ ತಡವರಿಸಲಿಲ್ಲ. ಹತ್ತೊಂಬತ್ತನೇ ಪುಟದಲ್ಲಿ ಏಡಿಯ ಕವಿತೆ ಬಂತು. ಏಳು ವರ್ಷದ ತಂಗಿ ಬೆರಳು ಕೊಯ್ದುಕೊಂಡಿದ್ದಾಳೆ. ಅಕ್ಕ ಏಡಿಯ ಚಿಪ್ಪು ಒಡೆದು, ಮಾಂಸ ಬಿಡಿಸಿ ತಂಗಿಯ ತಟ್ಟೆಗಿಡುತ್ತಾಳೆ. ಕವಿತೆಯ ಕೊನೆಗೆ ಆ ತಂಗಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ. ಈಗ ಬಿಡಿಸಿ ಕೊಡುವವಳು ಮಾರ್ವೆಲ್.

“ಕಾಮಾ,” ಎಂದು ಅರ್ಲೀನ್ ನಿಲ್ಲಿಸಿದರು. ಪುಟದಿಂದ ತಲೆಯೆತ್ತಿ ಕೇಳಿದರು, “ಅವಳ ಕೈ ಅಷ್ಟೊಂದು ಹೋಗಿತ್ತಾ? ನಂಗ್ಯಾರೂ ಹೇಳ್ಲಿಲ್ಲ.”

“ಮಾರ್ವೆಲ್ ಎರಡು ಸಲ ಫೋನ್ ಮಾಡಿದ್ಲು.”

“ಹೌದು.” ಅರ್ಲೀನ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. “ನಾನೇ ಎತ್ತಲಿಲ್ಲ.”

ಉಳಿದ ಅರವತ್ತು ಪುಟಗಳನ್ನೂ ಓದಿದರು. ಮುಗಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಆಮೇಲೆ ಅವರೇ ಅರ್ಪಣೆಯ ಪುಟಕ್ಕೆ ತಿರುಗಿಸಿದರು.

“ಇರ್ಲಿ ಬಿಡಿ. ಅವಳು ಬರೆದಂಗೇ ಇರ್ಲಿ. ಆದ್ರೆ ಬಿಡುಗಡೆಗೆ ನನ್ನ ಕರೀಬೇಡಿ. ನನ್ನ ಕೈಲಿ ಆಗಲ್ಲ.”

ಒಡೆಸ್ಸಾ ಒತ್ತಾಯ ಮಾಡಲಿಲ್ಲ. ಒಪ್ಪಿಗೆಪತ್ರವನ್ನು ಮುಂದೆ ಸರಿಸಿದರು.

ಪುಸ್ತಕ ಸೋಮವಾರ ಅಚ್ಚಿಗೆ ಹೋಗುತ್ತದೆ. ಮೊದಲ ಪ್ರತಿ ಮಾರ್ವೆಲ್‌ಗೆ. ಎರಡನೆಯದನ್ನು ಅರ್ಲೀನ್ ತಾವೇ ಬಂದು ಒಯ್ಯುತ್ತಾರೆ. ಅಂಚೆಯಲ್ಲಿ ಕಳಿಸುವುದು ಬೇಡ ಎಂದು ಹೇಳಿಹೋಗಿದ್ದಾರೆ.